ಚನ್ನಪಟ್ಟಣದ ಸ್ಪಿಟ್‌ಫೈರ್

ಮೂವತ್ತು ವರ್ಷಕಾಲ ಹಳಗನ್ನಡ ಕಾವ್ಯವನ್ನು ಪಾಠ ಹೇಳಿದವನು ಈಗ ಪ್ಲಾಸ್ಟಿಕ್ ವಿಮಾನವೊಂದನ್ನು ಉಜ್ಜುತ್ತ ಕುಳಿತಿದ್ದಾನೆಂದರೆ ನೀವು ನಗಬಹುದು. ನಮ್ಮ ಮನೆಯವರು ಆಗಲೇ ನಕ್ಕಾಗಿದೆ.

1965ರ ಸುಮಾರಿನಲ್ಲಿ, ಬೆಂಗಳೂರಿನಿಂದ ಮೈಸೂರಿಗೆ ಮರಳುತ್ತಿದ್ದ ನಮ್ಮ ತಂದೆಯವರು ಚನ್ನಪಟ್ಟಣದಲ್ಲಿಳಿದು ಮರದ ವಿಮಾನವೊಂದನ್ನು ಕೊಂಡು ತಂದರು. ಹಳದಿಯ ಒಡಲು, ಕೆಂಪು ರೆಕ್ಕೆ, ಮೂತಿಯಲ್ಲಿ ತಿರುಗುವ ಹಸಿರು ಪಂಖ, ಕೆಳಗೆ ಎರಡು ಗಾಲಿ. ನನಗೂ ಅಣ್ಣನಿಗೂ ಸೇರಿ ಇದ್ದುದು ಅದೊಂದೇ. ಮನೆ ಬದಲಿಸುವ ಗಡಿಬಿಡಿಯಲ್ಲಿ ಎಲ್ಲಿಯೋ ಹೋಯಿತು. ಎರಡು ವರ್ಷಗಳ ಹಿಂದೆ ಅಣ್ಣನ ದೃಷ್ಟಿ ಪೂರ್ತಿ ಹೋಯಿತು. ಒಂದು ಸಂಜೆ ಅವನು, “ಆ ವಿಮಾನ ಕೈಗೆ ಸಿಕ್ಕಿದ್ದರೆ ಈಗಲೂ ಗುರುತು ಹಿಡಿಯುತ್ತಿದ್ದೆ ಕಣೋ” ಎಂದ.

ಚನ್ನಪಟ್ಟಣದಿಂದಲೇ ಹೊಸದೊಂದನ್ನು ತರಬಹುದಿತ್ತಲ್ಲ ಎನ್ನುವಿರಿ. ತಂದೆ. ಅವನು ಸವರಿ ನೋಡಿ, “ಇದರ ರೆಕ್ಕೆ ಹಲಗೆ ಇದ್ದಂತಿದೆ, ಇದು ನಮ್ಮದಲ್ಲ” ಎಂದು ಹಿಂದಕ್ಕೆ ಕೊಟ್ಟ. ನಿಜ. ನಮ್ಮದರ ರೆಕ್ಕೆ ವೀಳ್ಯದೆಲೆಯಂತೆ ಬಳುಕಿ ತುದಿಗೆ ಕಿರಿದಾಗುತ್ತಿತ್ತು. ಅಂಥ ರೆಕ್ಕೆಯನ್ನು ಮತ್ತೆ ಕಂಡದ್ದು ಮೊಮ್ಮಗನ ಮೇಜಿನ ಮೇಲಿದ್ದ ಸ್ಪಿಟ್‌ಫೈರ್ ಕಿಟ್ಟಿನಲ್ಲಿ. 1936ರಲ್ಲಿ ಮೊದಲು ಹಾರಿದ ಈ ಬ್ರಿಟಿಷ್ ಯುದ್ಧವಿಮಾನದ ರೆಕ್ಕೆ ಅಂಡಾಕಾರದ್ದು.

ಕಿಟ್ಟಿನ ಪ್ರಮಾಣ 1:72. ಎಂದರೆ ಆರಡಿಗೆ ಒಂದಂಗುಲ. ನಿಜವಿಮಾನದ ರೆಕ್ಕೆಯ ಹರವು 11.23 ಮೀಟರ್, ಇದರದು ಹದಿನೈದೂವರೆ ಸೆಂಟಿಮೀಟರಿಗೆ ತುಸು ಹೆಚ್ಚು. ನಮ್ಮ ವಿಮಾನ ಒಂದು ಗೇಣಿತ್ತೆಂದು ನನ್ನ ನೆನಪು. ಆದರೆ ಆ ಗೇಣು ಬಾಲಕನದಲ್ಲವೆ? ಲೆಕ್ಕ ಸರಿಹೋಯಿತು.

ಕರಗಿಸಿದ ಪಾಲಿಸ್ಟೈರೀನನ್ನು ಲೋಹದ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸಿ ಈ ಬಿಡಿಭಾಗಗಳನ್ನು ಎರಕ ಹೊಯ್ಯುತ್ತಾರೆ. ಅವನ್ನು ಕೂಡಿಸುವ ಅಂಟು ನಮ್ಮ ಗೋಂದಿನಂಥದಲ್ಲ. ಅದು ಎರಡು ಅಂಚುಗಳನ್ನೂ ತುಸು ಕರಗಿಸಿ, ಒಂದರೊಳಗೊಂದು ಬೆರೆಸಿ, ತಾನು ಆವಿಯಾಗಿ ಹೋಗುತ್ತದೆ. ಸಂಧಿಕಾರ್ಯವನ್ನು ಬೋಧಿಸುವಾಗ ಈ ದೃಷ್ಟಾಂತ ನನಗೆ ದೊರಕಿರಲಿಲ್ಲ!

ಕಿಟ್ಟಿನ ಪ್ರೇಮಿಗಳು ಹಂಬಲಿಸುವುದು ಯಥಾರ್ಥತೆಗಾಗಿ. ತಗಡಿನ ಜೋಡಣೆಯ ಗೆರೆಗಳು, ಮಸಿಯ ಕಲೆ, ದಳದ ಚಿಹ್ನೆ ಎಲ್ಲವೂ ಅವರಿಗೆ ಬೇಕು. ನನ್ನದು ತಿರುಗುಮುರುಗಿನ ಕೆಲಸ. ಯಾವ ದೇಶದ ಯಾವ ವಿಮಾನವನ್ನೂ ಹೋಲದ ಬೊಂಬೆಯೊಂದನ್ನು ನಾನು ಯಥಾವತ್ತಾಗಿ ಹೋಲಬೇಕಿತ್ತು. ಆದ್ದರಿಂದ ಆ ನವಿರಾದ ಗೆರೆಗಳನ್ನೆಲ್ಲ ಪುಟ್ಟಿಯಿಂದ ಮುಚ್ಚಿ, ಮರಳುಕಾಗದವನ್ನು ನೀರಿನಲ್ಲದ್ದಿ ಉಜ್ಜಿದೆ. ಕಣ್ಣು ಮುಚ್ಚಿಕೊಂಡು ಬೆರಳಾಡಿಸುವುದು, ತಡೆದಲ್ಲಿ ಮತ್ತೆ ಉಜ್ಜುವುದು. ತಿರುಗಣಿಯ ಮೇಲೆ ಕಡೆದ ಒಡಲಿಗೆ ಮೂಲೆಯೆಂಬುದಿಲ್ಲ. ಸ್ಪಿಟ್‌ಫೈರಿನ ಒಡಲೋ ಇಕ್ಕಟ್ಟಾದುದು. ಎರಡು ಪಕ್ಕಗಳಿಗೂ ಪುಟ್ಟಿ ಮೆತ್ತಿ ಕದಿರಿನಂತೆ ದುಂಡಗೆ ಮಾಡಿದೆ. ಪ್ಲಾಸ್ಟಿಕ್ಕಿಗೆ ತೂಕವಿಲ್ಲ. ಒಡಲನ್ನು ಮುಚ್ಚುವ ಮೊದಲೇ ಒಳಗೆ ಮೀನುಗಾಳದ ಸೀಸದ ಗುಂಡುಗಳನ್ನು ಅಂಟಿಸಿದ್ದೆ. ಗಾಲಿಗಳಾದವು ಎರಡು ಮರದ ಮಣಿಗಳು.

ಸೋತದ್ದು ಬಣ್ಣದಲ್ಲಿ. ಚನ್ನಪಟ್ಟಣದ ಕುಶಲಿ ಬಣ್ಣ ಬಳಿಯುವುದಿಲ್ಲ. ತಿರುಗುತ್ತಿರುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾನೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ಅಪ್ಪುತ್ತದೆ. ಆಮೇಲೆ ತಾಳೆಗರಿಯಿಂದ ತೀಡಿ ಹೊಳಪೇರಿಸುತ್ತಾನೆ. ಬಿಸಿ ತಾಗಿದರೆ ನನ್ನ ವಿಮಾನ ಮುದುಡಿಹೋಗುತ್ತದೆ. ತೆಳುವಾಗಿ ಆರು ಲೇಪ ಕೊಟ್ಟು, ಒಂದೊಂದನ್ನೂ ಒಣಗಿಸಿ ಉಜ್ಜಿ, ಕೊನೆಗೆ ವಾರ್ನಿಷ್ ಹಚ್ಚಿದೆ. ಅರಗಿನ ಆ ಜಿಡ್ಡಿಲ್ಲದ ನುಣುಪು ಬರಲೇ ಇಲ್ಲ. ಕಾಣದವನಿಗೆ ಹಳದಿ ಕೆಂಪು ಏಕೆಂದು ಮೊಮ್ಮಗ ಕೇಳಿದ. ನಾನು ಉತ್ತರ ಕೊಡಲಿಲ್ಲ.

ಕಳೆದ ತಿಂಗಳು ಅಣ್ಣನ ಕೈಯಲ್ಲಿಟ್ಟೆ. ಪಂಖವನ್ನು ತಿರುಗಿಸಿದ. ಗಾಲಿಗಳನ್ನು ತೊಡೆಯ ಮೇಲೆ ಉರುಳಿಸಿದ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಎಡರೆಕ್ಕೆಯ ತುದಿಯಲ್ಲಿ ಹೆಬ್ಬೆರಳನ್ನಿಟ್ಟು, “ಇಲ್ಲಿ ಮುಕ್ಕಾಗಿತ್ತಲ್ಲೋ? ಜಗಲಿಯಿಂದ ನಾನೇ ಎಸೆದು ಮುರಿದದ್ದು. ಅಪ್ಪ ನಿನ್ನನ್ನು ಹೊಡೆದರು” ಎಂದ.

ನನಗೆ ಆ ಏಟು ನೆನಪಿತ್ತು, ಮುಕ್ಕು ಮರೆತಿತ್ತು. ಚೀಲದಲ್ಲಿ ಸಣ್ಣ ಅರವಿತ್ತು. ಅವನು ಬೆರಳಿಟ್ಟು ತೋರಿಸುತ್ತ ಹೋದ, ನಾನು ಅಲ್ಲಿಯೇ ಕುಳಿತು ಅರದಿಂದ ಉಜ್ಜಿ ರೆಕ್ಕೆಯನ್ನು ಮುಕ್ಕು ಮಾಡಿಕೊಟ್ಟೆ.