ದುರ್ಬಲ ಬಂಧದ ಪ್ರಬಲ ಕೆಲಸ

ಚೆನ್ನೈ: ಅಡ್ಯಾರ್‌ನ ಸರ್ದಾರ್ ಪಟೇಲ್ ರಸ್ತೆಯಲ್ಲಿ ಓಡಾಡುವ ನಗರದ ಕನ್ನಡಿಗರಿಗೆ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ಫಲಕ ಪರಿಚಿತ. ಆ ಚರ್ಮಕ್ಕೆ ಬಲ ಕೊಡುವುದು ಕೊಲಾಜನ್ ಎಂಬ ಪ್ರೋಟೀನು. ಅದರ ಒಳರಚನೆಯನ್ನು ಬಿಡಿಸಿ ತೋರಿಸಿದ್ದು ಇದೇ ಊರಿನ ಮದ್ರಾಸು ವಿಶ್ವವಿದ್ಯಾಲಯದ ಪ್ರೊ. ಜಿ.ಎನ್. ರಾಮಚಂದ್ರನ್.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಅವರು 1952ರಲ್ಲಿ ಮದ್ರಾಸಿಗೆ ಬಂದರು. 1954ರಲ್ಲಿ ಗೋಪಿನಾಥ್ ಕರ್ತಾ ಅವರೊಡನೆ 'ನೇಚರ್' ಪತ್ರಿಕೆಯಲ್ಲಿ ಕೊಲಾಜನ್‌ನಲ್ಲಿ ಮೂರು ಎಳೆಗಳಿವೆ ಎಂದು ಪ್ರಕಟಿಸಿದರು. ಆ ಎಳೆಗಳು ಜಡೆಯಂತೆ ಹೊಸೆದುಕೊಂಡಿರುವುದನ್ನು ಮರುವರ್ಷ ವಿವರಿಸಿದರು. ಈ ಎಳೆಗಳನ್ನು ಜೊತೆಗೂಡಿಸುವುದರಲ್ಲಿ ಹೈಡ್ರೋಜನ್ ಬಂಧಗಳ ಪಾತ್ರ ದೊಡ್ಡದು. ಅಣುವಿನೊಳಗಿನ ಮುಖ್ಯ ಬಂಧಗಳಿಗೆ ಹೋಲಿಸಿದರೆ ಇವುಗಳ ಬಲ ಸಾಮಾನ್ಯವಾಗಿ ಹತ್ತರಲ್ಲೊಂದು ಪಾಲು, ಇಲ್ಲವೇ ಅದಕ್ಕೂ ಕಡಿಮೆ.

ಈ ದುರ್ಬಲ ಬಂಧಗಳಿಗೆ ಇನ್ನೊಂದು ಕೆಲಸವೂ ಗೊತ್ತು. ಅವು ರಾಸಾಯನಿಕ ಕ್ರಿಯೆಗೆ ದಾರಿ ತೋರಿಸಬಲ್ಲವು.

ಎಡಗೈ, ಬಲಗೈ

ಅನೇಕ ಔಷಧದ ಅಣುಗಳು ನಮ್ಮ ಎರಡು ಕೈಗಳಂತೆ ಜೋಡಿ ರೂಪದಲ್ಲಿರುತ್ತವೆ. ಕನ್ನಡಿಯಲ್ಲಿ ಒಂದು ಇನ್ನೊಂದರಂತೆ ಕಂಡರೂ ಒಂದರ ಕೈಚೀಲ ಇನ್ನೊಂದಕ್ಕೆ ಹೊಂದದು. ಪಾರ್ಕಿನ್ಸನ್ ರೋಗಿಗಳಿಗೆ ಕೊಡುವ ಲೆವೊಡೋಪಾ ಮಾತ್ರೆಯಲ್ಲಿ ಒಂದು ರೂಪವನ್ನಷ್ಟೇ ಬಳಸುತ್ತಾರೆ. ಸಾಮಾನ್ಯ ರೀತಿಯಲ್ಲಿ ತಯಾರಿಸಿದರೆ ಇಂಥ ಅಣುಗಳ ಎರಡೂ ರೂಪ ಸರಿಸಮನಾಗಿ ಸಿಗುತ್ತವೆ. ಅರ್ಧ ಮಾಲು ವ್ಯರ್ಥ. ಬೇಕಾದ ರೂಪವನ್ನೇ ಪಡೆಯಲು ಬಹುಕಾಲ ದುಬಾರಿ ಲೋಹಗಳ ವೇಗವರ್ಧಕಗಳೇ ಹೆಚ್ಚಾಗಿ ಆಸರೆಯಾಗಿದ್ದವು. ಲೆವೊಡೋಪಾ ತಯಾರಿಕೆಗೆ ಬಂದದ್ದು ರೋಡಿಯಂ. ಆ ಸಾಧನೆಗೆ ವಿಲಿಯಂ ನೋಲ್ಸ್ 2001ರ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು.

ಅದಕ್ಕೆ ಒಂದು ವರ್ಷ ಮೊದಲು, 2000ದಲ್ಲಿ, ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿದ್ದ ಬೆಂಜಮಿನ್ ಲಿಸ್ಟ್ ಮತ್ತು ಸಂಗಡಿಗರು ಲೋಹವನ್ನೇ ಕೈಬಿಟ್ಟರು. ಅವರು ಹಿಡಿದದ್ದು ಪ್ರೋಲಿನ್ ಎಂಬ ಅಮೈನೋ ಆಮ್ಲವನ್ನು. ಕೊಲಾಜನ್‌ನಲ್ಲಿ ಹೇರಳವಾಗಿರುವ ಈ ಅಣುವಿನಲ್ಲಿರುವುದು ಬರೇ 17 ಪರಮಾಣು.

ಅದರ ಕೆಲಸದ ರೀತಿ ಬ್ಯಾಂಕಿನ ಲಾಕರಿನಂತೆ: ಎರಡು ಬೀಗದ ಕೈ ಕೂಡಿದರೇ ಬಾಗಿಲು ತೆರೆಯುವುದು. ಪ್ರೋಲಿನ್‌ನ ಸಾರಜನಕವು ಅಸಿಟೋನನ್ನು ಗಟ್ಟಿಯಾಗಿ ಹಿಡಿಯುತ್ತದೆ. ಇನ್ನೊಂದು ತುದಿಯ ಆಮ್ಲದ ಹೈಡ್ರೋಜನ್, ಎದುರು ಬಂದ ಆಲ್ಡಿಹೈಡ್ ಅಣುವಿನ ಆಮ್ಲಜನಕವನ್ನು ಹಗುರವಾಗಿ ಸೆಳೆದು ಒಂದೇ ಬದಿಯಿಂದ ಹತ್ತಿರ ತರುತ್ತದೆ. ಕೆಲಸ ಮುಗಿದ ಮೇಲೆ ಪ್ರೋಲಿನ್ ಬಿಡುಗಡೆಯಾಗಿ ಮುಂದಿನ ಜೋಡಿಗೆ ಸಿದ್ಧ. ಒಂದು ಪ್ರಯೋಗದಲ್ಲಿ ನೂರಕ್ಕೆ 98 ಅಣುಗಳು ಒಂದೇ ರೂಪದಲ್ಲಿ ದೊರೆತವು. ಆಮ್ಲದ ತುದಿಯನ್ನು ಬದಲಿಸಿ ನೋಡಿದಾಗ ಇಳುವರಿ ಕುಸಿಯಿತು. ಹಗುರ ಹಿಡಿತದ ಬೆಲೆ ಆಗ ತಿಳಿಯಿತು.

ಬಾಕಿ ಉಳಿದ ಲೆಕ್ಕ

2021ರ ರಸಾಯನಶಾಸ್ತ್ರ ನೊಬೆಲ್ ಪುರಸ್ಕಾರವನ್ನು ಲಿಸ್ಟ್ ಮತ್ತು ಡೇವಿಡ್ ಮೆಕ್‌ಮಿಲನ್ ಹಂಚಿಕೊಂಡರು. ಆದರೆ ಪ್ರೋಲಿನ್‌ಗೂ ಮಿತಿಯಿದೆ. ಮೊದಲ ಪ್ರಯೋಗಗಳಲ್ಲಿ ನೂರು ಆಲ್ಡಿಹೈಡ್ ಅಣುಗಳಿಗೆ ಮೂವತ್ತರಂತೆ ಪ್ರೋಲಿನ್ ಹಾಕಬೇಕಾಗಿತ್ತು. ಎಲ್ಲ ಆಲ್ಡಿಹೈಡ್‌ಗಳೂ ಒಂದೇ ರೀತಿ ಮಾತು ಕೇಳಲಿಲ್ಲ. ನಮ್ಮ ದೇಹದ ಕಿಣ್ವಗಳು ಇಂಥ ಹತ್ತಾರು ಹಗುರ ಹಿಡಿತಗಳನ್ನು ಒಟ್ಟಿಗೆ ಬಳಸಿ ಅತಿ ಕಡಿಮೆ ಪ್ರಮಾಣದಲ್ಲೇ ಕೆಲಸ ಸಾಧಿಸುತ್ತವೆ. ಪುಟ್ಟ ಅಣುಗಳಿಗೂ ಆ ಜಾಣತನ ಕಲಿಸುವುದು ರಸಾಯನತಜ್ಞರ ಮುಂದಿರುವ ಸವಾಲು. ಅದು ಫಲಿಸಿದಷ್ಟೂ ಔಷಧ ತಯಾರಿಕೆಯ ಖರ್ಚು, ತ್ಯಾಜ್ಯ ಎರಡೂ ಇಳಿಯಬಹುದು.

ರಾಮಚಂದ್ರನ್ 2001ರ ಏಪ್ರಿಲ್‌ನಲ್ಲಿ ಚೆನ್ನೈನಲ್ಲೇ ನಿಧನರಾದರು. ಮಕ್ಕಳಿಗೆ ವಿಜ್ಞಾನ ಓದಿಸುತ್ತಿರುವ ಇಲ್ಲಿನ ಕನ್ನಡ ಕುಟುಂಬಗಳು ಬೆಂಗಳೂರಿನಲ್ಲಿ ಕಲಿತು ಮದ್ರಾಸಿನಲ್ಲಿ ಬೆಳಗಿದ ಅವರ ಹೆಸರನ್ನು ಮನೆಯಲ್ಲಿ ಒಮ್ಮೆಯಾದರೂ ಹೇಳಬೇಕು.