ಮಾವನ ಹೊಸ ಬಿಲ್ಲಿಗೆ ಚಕ್ರಗಳಿಲ್ಲ

ನಾನಾಗ ಮೂರನೇ ಸೆಮಿಸ್ಟರ್‌ನಲ್ಲಿದ್ದೆ. ಅಕ್ಟೋಬರ್‌ನ ಒಂದು ಭಾನುವಾರ ಬೆಳಿಗ್ಗೆ ಎಂಟೂವರೆಗೆ ಮಾವನ ವಿಡಿಯೊ ಕಾಲ್ ಬಂತು. ಅವರಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಅಲ್ಲಿ ಆಗಿನ್ನೂ ಶನಿವಾರ ರಾತ್ರಿ ಹನ್ನೊಂದು. ತಲೆಗೆ ಕಟ್ಟಿಕೊಂಡಿದ್ದ ಟಾರ್ಚ್ ಹಾಗೇ ಇತ್ತು, ಪ್ಯಾಂಟಿಗೆ ಮೊಳಕಾಲಿನವರೆಗೂ ಕೆಸರು. "ಸಿಗ್ಲಿಲ್ಲ ಕಣೇ" ಅಂದರು. ಅಷ್ಟೇ.

ಸಿಗದೇ ಹೋದದ್ದು ಒಂದು ಜಿಂಕೆ. ಸಂಜೆ ಆರರ ಹೊತ್ತಿಗೆ ಮಾವ ಬಾಣ ಬಿಟ್ಟಿದ್ದರು. ಬಾಣ ತಗುಲಿದ್ದು ಕಂಡಿತ್ತು, ಆದರೆ ತಗುಲಬೇಕಾದ ಜಾಗಕ್ಕಲ್ಲ. ಐದು ಗಂಟೆ ರಕ್ತದ ಜಾಡು ಹಿಡಿದು ಹುಡುಕಿ, ಒಂದು ಹಳ್ಳದ ಹತ್ತಿರ ಜಾಡು ತಪ್ಪಿ, ವಾಪಸ್ ಬಂದಿದ್ದರು. ಮರುದಿನವೂ ಹೋಗಿ ಹುಡುಕಿದರು. ಸಿಗಲಿಲ್ಲ.

ಬೇಟೆಯ ಮಾತು ಓದಿ ಗಾಬರಿಯಾಗಬೇಡಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಪೆನ್ಸಿಲ್ವೇನಿಯಾದ ಕಥೆ ಬೇರೆ. ಅಲ್ಲಿ ತೋಳಗಳು ಹತ್ತೊಂಬತ್ತನೇ ಶತಮಾನದಲ್ಲೇ ಮುಗಿದುಹೋದವು. ಈಗ ಬಿಳಿಬಾಲದ ಜಿಂಕೆಗಳ ಸಂಖ್ಯೆ ಹಿಡಿತದಲ್ಲಿರಲಿ ಎಂದು ಸರ್ಕಾರವೇ ಲೈಸೆನ್ಸ್ ಕೊಡುತ್ತದೆ. ಬೇಟೆ ಕಲಿಯುವವರಿಗೆ ತರಗತಿ ಇದೆ. ಬಂದೂಕಿನ ಸೀಸನ್‌ಗಿಂತ ಮೊದಲು, ಅಕ್ಟೋಬರ್‌ನಲ್ಲಿ, ಬಿಲ್ಲುಬಾಣದ ಸೀಸನ್ ಶುರುವಾಗುತ್ತದೆ. ಮಾವ ಸಾಫ್ಟ್‌ವೇರ್‌ನವರು. ಆಫೀಸಿನ ಸ್ನೇಹಿತನ ಜಮೀನಿನಲ್ಲಿ ಅನುಮತಿ ಪಡೆದು ಹೋಗುತ್ತಾರೆ. ಒಂದು ಜಿಂಕೆ ಸಿಕ್ಕರೆ ಆ ಚಳಿಗಾಲಕ್ಕೆ ಫ್ರೀಜರ್ ತುಂಬುತ್ತದೆ.

ಆ ಕಾಲ್ ಬಂದಾಗ ಪಕ್ಕದಲ್ಲಿದ್ದ ಅಮ್ಮ ಕೇಳಿದ್ದು ಒಂದೇ: "ಅಪ್ಪಯ್ಯ ಇದ್ದಿದ್ರೆ ಏನ್ ಹೇಳ್ತಿದ್ರು?" ಮಾವ ತಲೆ ತಗ್ಗಿಸಿದರು. ನಮ್ಮದು ತೀರ್ಥಹಳ್ಳಿ ಕಡೆ. ಅಜ್ಜ ಕಾಯ್ದೆ ಬರುವ ಮುಂಚಿನ ಕಾಲದಲ್ಲಿ ಶಿಕಾರಿ ಮಾಡಿದವರು. ಗಾಯವಾದ ಹಂದಿಯನ್ನು ಹುಡುಕಿ ಮುಗಿಸದೆ ಮನೆಗೆ ಬಂದು ಊಟಕ್ಕೆ ಕೂರುವ ಹಾಗಿಲ್ಲ ಎನ್ನುವುದು ಅವರ ಮನೆಯ ಕಟ್ಟಳೆ. ಅವರ ಕೋವಿ ಈಗಲೂ ಬೆಳೆ ರಕ್ಷಣೆಯ ಲೈಸೆನ್ಸ್‌ನಲ್ಲಿ ದೊಡ್ಡ ಮಾವನ ಮನೆಯಲ್ಲಿದೆ. ಚುನಾವಣೆ ಬಂದಾಗ ಠಾಣೆಗೆ ಹೋಗಿ ಬರುವುದೇ ಅದರ ಓಡಾಟ.

ಡಿಸೆಂಬರ್‌ನಲ್ಲಿ ಮಾವ ಫೋಟೊ ಕಳಿಸಿದರು. ಅವರ ಕಾಂಪೌಂಡ್ ಬಿಲ್ಲು ಮಾರಾಟವಾಗಿತ್ತು. ಕೈಯಲ್ಲಿ ಆಳೆತ್ತರದ ಒಂದು ಉದ್ದ ಬಿಲ್ಲು. ಬಿದಿರು, ಮೇಪಲ್ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ, ಹಿಂದೆ ಮುಂದೆ ಫೈಬರ್‌ಗ್ಲಾಸ್ ಹಾಕಿದ್ದು. ಚಕ್ರ ಇಲ್ಲ, ಗುರಿ ನೋಡುವ ಸೈಟ್ ಇಲ್ಲ. ಒಂದು ಕೋಲು, ಒಂದು ಹೆದೆ.

ನನಗೆ ಸಿಟ್ಟೇ ಬಂತು. ಏಕೆಂದರೆ ನಾನು ಪಿಯುಸಿಯಿಂದ ಕಾಂಪೌಂಡ್ ಹೊಡೆಯುತ್ತಿದ್ದವಳು.

ಗೊತ್ತಿಲ್ಲದವರಿಗೆ ಒಂದು ಮಾತು. ಕಾಂಪೌಂಡ್ ಬಿಲ್ಲಿನ ಎರಡೂ ತುದಿಯಲ್ಲಿ ಚಕ್ರಗಳಿರುತ್ತವೆ, ಕ್ಯಾಮ್ ಅನ್ನುತ್ತೇವೆ. ಅಮೆರಿಕದ ಮಿಸೌರಿಯ ಹೊಲೆಸ್ ವಿಲ್ಬರ್ ಅಲೆನ್ 1966ರಲ್ಲಿ ಇದರ ಪೇಟೆಂಟ್‌ಗೆ ಅರ್ಜಿ ಹಾಕಿದ, 1969ರಲ್ಲಿ ಸಿಕ್ಕಿತು. ಚಕ್ರದ ಆಕಾರದಿಂದಾಗಿ, ಎಳೆಯುವಾಗ ನಡುವೆ ಭಾರ ಏರಿ, ಪೂರ್ತಿ ಎಳೆದ ಮೇಲೆ ಥಟ್ಟನೆ ಇಳಿದುಬಿಡುತ್ತದೆ. 60 ಪೌಂಡ್‌ನ ಬಿಲ್ಲಿನಲ್ಲಿ ಶೇ 80ರಷ್ಟು ಇಳಿದರೆ, ಕೊನೆಗೆ ಬೆರಳಿಗೆ ಉಳಿಯುವುದು 12 ಪೌಂಡ್. ಆರಾಮಾಗಿ ಹಿಡಿದು ಗುರಿ ನೋಡಬಹುದು. ಉದ್ದ ಬಿಲ್ಲಿನಲ್ಲಿ ಎಳೆದಷ್ಟೂ ಭಾರ ಏರುತ್ತಲೇ ಹೋಗುತ್ತದೆ. ಪೂರ್ತಿ ಎಳೆದ ಕ್ಷಣವೇ ಅತಿ ಭಾರದ ಕ್ಷಣ. ಎರಡು ಮೂರು ಸೆಕೆಂಡ್ ಆದರೆ ತೋಳು ನಡುಗತೊಡಗುತ್ತದೆ.

ನಮ್ಮ ದೇಶಕ್ಕಂತೂ ಕಾಂಪೌಂಡ್ ಒಲಿದ ಬಿಲ್ಲು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡ್‌ನ ಐದಕ್ಕೆ ಐದೂ ಚಿನ್ನ ನಮ್ಮವರಿಗೇ ಬಂದವು. ತೋಳುಗಳೇ ಇಲ್ಲದ ಶೀತಲ್ ದೇವಿ ಕಾಲಿನಲ್ಲಿ ಹಿಡಿದು ಹೊಡೆಯುವುದೂ ಕಾಂಪೌಂಡ್ ಬಿಲ್ಲನ್ನೇ. ಇಂಥದ್ದನ್ನು ಬಿಟ್ಟು ಕೋಲು ಹಿಡಿಯುವುದೆಂದರೆ ಕ್ಯಾಲ್ಕುಲೇಟರ್ ಬಿಟ್ಟು ಲಾಗ್ ಟೇಬಲ್ ಹಿಡಿದ ಹಾಗೆ ಅನ್ನಿಸಿತು ನನಗೆ. ನಾನು ಮೆಕ್ಯಾನಿಕಲ್ ಓದುತ್ತಿದ್ದೇನಲ್ಲ, ಇಂಟರ್ನಲ್ಸ್ ಮುಗಿದ ರಾತ್ರಿ ಕೂತು ಲೆಕ್ಕ ಹಾಕಿದೆ. 50 ಪೌಂಡ್‌ನ ಉದ್ದ ಬಿಲ್ಲಿನಲ್ಲಿ ಎಳೆದಾಗ ತುಂಬಿಕೊಳ್ಳುವ ಶಕ್ತಿ ಹತ್ತಿರಹತ್ತಿರ 60 ಜೂಲ್. ಅದರಲ್ಲಿ ಬಾಣಕ್ಕೆ ದಾಟುವುದು 40ರ ಆಸುಪಾಸು. ವೇಗ ಸೆಕೆಂಡಿಗೆ 50 ಮೀಟರ್. ಮಾವನ ಹಳೆಯ ಕಾಂಪೌಂಡ್‌ನಲ್ಲಿ ವೇಗ 80 ಮೀಟರ್, ಶಕ್ತಿ ಎರಡು ಪಟ್ಟು. ಹಾಳೆಯ ಫೋಟೊ ತೆಗೆದು ಕಳಿಸಿ, "ಮಾವ, ಗಾಯವಾಗಿ ತಪ್ಪಿಸಿಕೊಂಡದ್ದಕ್ಕೆ ಬೇಸರ ಅಂತೀರಿ, ಇನ್ನೂ ನಿಧಾನದ ಬಿಲ್ಲು ತಗೊಂಡಿದ್ದೀರಿ. ಇದು ಯಾವ ನ್ಯಾಯ?" ಎಂದು ಬರೆದೆ.

ಮಾವನ ಉತ್ತರ ಒಂದೇ ಸಾಲು: "ಅವತ್ತು ಜಿಂಕೆ ನಲವತ್ತು ಮೀಟರ್ ದೂರ ಇತ್ತು. ಅದನ್ನೂ ಲೆಕ್ಕಕ್ಕೆ ಹಾಕು."

ಹಾಕಿದೆ. ಜಿಂಕೆಗೆ ಹೆದೆಯ ಸದ್ದು ಕೇಳುತ್ತದೆ. ಕೇಳಿದ ಕೂಡಲೇ ನೆಗೆದು ಓಡಲು ಮೊದಲು ಕಾಲು ಮಡಚಿ ಮೈ ಕುಸಿಯುತ್ತದೆ. ಹೋದ ಬಾಣ ಗುರಿಯಿಟ್ಟ ಜಾಗಕ್ಕಿಂತ ಮೇಲೆ ತಾಗುತ್ತದೆ. ನಲವತ್ತು ಮೀಟರ್ ದಾಟಲು ಕಾಂಪೌಂಡ್‌ನ ಬಾಣಕ್ಕೆ ಅರ್ಧ ಸೆಕೆಂಡ್ ಬೇಕು. ಸದ್ದಿಗೆ ಸಾಕಾಗುವುದು 0.12 ಸೆಕೆಂಡ್. ಅಂದರೆ ಜಿಂಕೆಗೆ 0.38 ಸೆಕೆಂಡ್ ಸಿಗುತ್ತದೆ. ಉದ್ದ ಬಿಲ್ಲಿನಿಂದ ಹದಿನೈದು ಮೀಟರ್‌ಗೆ ಹೊಡೆದರೆ ಬಾಣಕ್ಕೆ 0.30, ಸದ್ದಿಗೆ 0.04, ಜಿಂಕೆಗೆ ಸಿಗುವುದು 0.26. ಬೆಚ್ಚಿ ಕದಲುವುದಕ್ಕೆ 0.1 ಸೆಕೆಂಡ್ ಹಿಡಿಯುತ್ತದೆಂದು ಇಟ್ಟುಕೊಂಡು, ಉಳಿದ ಸಮಯದಲ್ಲಿ ಮೈ ಸುಮ್ಮನೆ ಕೆಳಗೆ ಬೀಳುತ್ತದೆ ಎಂದು ಲೆಕ್ಕ ಹಾಕಿ. ಮೊದಲ ಪ್ರಸಂಗದಲ್ಲಿ 39 ಸೆಂಟಿಮೀಟರ್, ಎರಡನೆಯದರಲ್ಲಿ 12. ಗಾಳಿಯ ತಡೆ ಹಿಡಿದಿಲ್ಲ, ಎಲ್ಲ ಅಂದಾಜೇ. ಆದರೂ ಜಿಂಕೆಯ ಶ್ವಾಸಕೋಶ, ಹೃದಯ ಇರುವ ಜಾಗ ಊಟದ ತಟ್ಟೆಯಷ್ಟೇ ಅಗಲ. 39 ಸೆಂಟಿಮೀಟರ್ ಅಂದರೆ ತಟ್ಟೆ ಪೂರ್ತಿ ತಪ್ಪಿತು.

ವೇಗದ ಬಿಲ್ಲಿನ ಎದುರು ಜಿಂಕೆಗೆ ಹೆಚ್ಚು ಸಮಯ! ಆ ಹಾಳೆ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆದರೆ ನಾನೂ ಬಿಡುವವಳಲ್ಲ. ಕಾಂಪೌಂಡ್ ಹಿಡಿದೇ ಹದಿನೈದು ಮೀಟರ್‌ಗೆ ಹೊಡೆದರೆ ಜಿಂಕೆ ಕುಸಿಯುವುದು ಒಂದು ಸೆಂಟಿಮೀಟರ್ ಮಾತ್ರ. ಅದೇ ಎಲ್ಲಕ್ಕಿಂತ ಒಳ್ಳೆಯದಲ್ಲವಾ? ಬಿಲ್ಲನ್ನೇಕೆ ಬದಲಿಸಬೇಕು, ದೂರ ಬದಲಿಸಿದರೆ ಸಾಲದೇ? ಭಾನುವಾರದ ಕಾಲ್‌ನಲ್ಲಿ ಇದನ್ನೇ ಕೇಳಿದೆ. ಮಾವ ಸುಮಾರು ಹೊತ್ತು ಯೋಚಿಸಿ ಹೇಳಿದರು: "ನೀನು ಹೇಳೋದು ಸರಿ. ನನ್ನ ಕೈಲಿ ಆಗಲ್ಲ. ರೇಂಜ್‌ನಲ್ಲಿ ನಲವತ್ತೈದಕ್ಕೂ ನಡುಮಧ್ಯಕ್ಕೆ ಹೊಡೀತೀನಿ. ಸೈಟ್‌ನಲ್ಲಿ ನಲವತ್ತರ ಪಿನ್ ಇದೆ. ಕತ್ತಲಾಗ್ತಾ ಬರ್ತದೆ, ಮೂರು ಶನಿವಾರ ಬರಿಗೈಲಿ ಬಂದಿರ್ತೀನಿ, ಜಿಂಕೆ ನಲವತ್ತರಲ್ಲಿ ನಿಂತಿರ್ತದೆ. ಬಿಟ್ಟುಬಿಡ್ತೀನಿ ಕಣೇ. ಈ ಕೋಲು ಕೈಯಲ್ಲಿದ್ರೆ ಬಿಡಲ್ಲ. ತಗಲಲ್ಲ ಅಂತ ನಂಗೇ ಗೊತ್ತಿರ್ತದಲ್ಲ."

ಇದಕ್ಕೆ ನನ್ನ ಹತ್ತಿರ ಸೂತ್ರ ಇರಲಿಲ್ಲ.

ಅಷ್ಟರಲ್ಲಿ ನನ್ನ ಕಾಂಪೌಂಡ್ ಕಥೆಯೂ ಮುಗಿಯಿತು. ಬೇಟೆಗೂ ಅದಕ್ಕೂ ಸಂಬಂಧವಿಲ್ಲ, ಬರೀ ದುಡ್ಡಿನ ವಿಷಯ. ನಾನು ಹೊಡೆಯುತ್ತಿದ್ದದ್ದು ಕ್ಲಬ್‌ನ ಬಿಲ್ಲು. ಅದರ ಹೆದೆ, ಕೇಬಲ್ ಎರಡೂ ಎಳೆ ಬಿಟ್ಟವು. ಮನೆಯಲ್ಲಿ ಗಂಟು ಹಾಕಿ ಸರಿಮಾಡುವಂಥದ್ದಲ್ಲ ಅದು. ಬಿಲ್ಲನ್ನು ಪ್ರೆಸ್‌ನಲ್ಲಿ ಅದುಮಿ ಹಿಡಿದು ಬದಲಿಸಬೇಕು, ಸಾಮಾನು ಹೊರದೇಶದಿಂದ ಬರಬೇಕು. ಸ್ವಂತದ್ದು ಕೊಳ್ಳೋಣವೆಂದರೆ ಒಳ್ಳೆಯ ಸೆಟ್‌ಗೆ ಲಕ್ಷ ದಾಟುತ್ತದೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ವರ್ಷ ಅಪ್ಪನ ಹತ್ತಿರ ಆ ಮಾತು ಎತ್ತಲು ಬಾಯಿ ಬರಲಿಲ್ಲ. ಕೋಚ್ ಸರ್ ಮೂಲೆಯಲ್ಲಿದ್ದ ಬಿದಿರಿನ ಬಿಲ್ಲು ತೋರಿಸಿ, "ಅಲ್ಲೀವರೆಗೂ ಇಂಡಿಯನ್ ರೌಂಡ್ ಹೊಡಿ" ಎಂದರು. ನಮ್ಮ ದೇಶದ ಟೂರ್ನಿಗಳಲ್ಲಿ ಬಿದಿರಿನ ಬಿಲ್ಲಿಗೇ ಇರುವ ವಿಭಾಗ ಅದು. ಮೂರು ಒಲಿಂಪಿಕ್ಸ್ ಆಡಿದ ರಾಜಸ್ಥಾನದ ಲಿಂಬಾರಾಮ್ ಕೂಡ ಹುಡುಗನಾಗಿದ್ದಾಗ ಹಿಡಿದದ್ದು ಬಿದಿರಿನ ಬಿಲ್ಲನ್ನೇ. ಅವರು ಹಕ್ಕಿ ಬೇಟೆಯಾಡುತ್ತಲೇ ಗುರಿ ಕಲಿತವರು.

ಮೊದಲ ದಿನ ಮೂವತ್ತು ಮೀಟರ್‌ನಲ್ಲಿ ಆರು ಬಾಣ ಬಿಟ್ಟೆ. ಬೋರ್ಡಿಗೆ ಸಿಕ್ಕಿದ್ದು ಎರಡು. ಐವತ್ತು ಮೀಟರ್‌ನಲ್ಲಿ 720ಕ್ಕೆ 640ರ ಮೇಲೆ ಹೊಡೆಯುತ್ತಿದ್ದವಳು ನಾನು! ಜೂನಿಯರ್‌ಗಳು ಬಾಣ ಹುಡುಕಿಕೊಡಲು ಹುಲ್ಲಿನಲ್ಲಿ ಬಗ್ಗಿದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕಾಂಪೌಂಡ್‌ನಲ್ಲಿ ಬೆರಳು ಹೆದೆಯನ್ನು ಮುಟ್ಟುವುದೇ ಇಲ್ಲ, ರಿಲೀಸ್ ಎಂಬ ಪುಟ್ಟ ಸಾಧನದ ಗುಂಡಿ ಒತ್ತಿದರೆ ಆಯಿತು. ಇಲ್ಲಿ ಮೂರು ಬೆರಳೇ ಎಲ್ಲ. ಚರ್ಮದ ಪಟ್ಟಿ ಹಾಕಿಕೊಂಡರೂ ಎರಡನೇ ವಾರಕ್ಕೆ ಬೊಬ್ಬೆ ಎದ್ದು, ಲ್ಯಾಬ್ ರೆಕಾರ್ಡ್ ಬರೆಯಲು ಪೆನ್ ಹಿಡಿಯಲಾಗಲಿಲ್ಲ. ಇನ್ನೊಂದು ತಾಪತ್ರಯ ಬಾಣದ್ದು. ಕಾಂಪೌಂಡ್‌ನಲ್ಲಿ ಬಾಣ ಬಿಲ್ಲಿನ ನಡುವಿನಿಂದ ನೇರ ಹೋಗುತ್ತದೆ. ಕೋಲಿನ ಬಿಲ್ಲಿನಲ್ಲಿ ಕೋಲೇ ಅಡ್ಡ. ಬಾಣ ಹಾವಿನಂತೆ ಬಾಗಿ ಬಿಲ್ಲನ್ನು ಬಳಸಿಕೊಂಡು ಹೋಗಿ ಆಮೇಲೆ ನೆಟ್ಟಗಾಗುತ್ತದೆ. ಬಾಣ ತೀರಾ ಗಡುಸಾದರೆ ಒಂದು ಕಡೆಗೆ, ತೀರಾ ಮೆದುವಾದರೆ ಇನ್ನೊಂದು ಕಡೆಗೆ. ವೈಬ್ರೇಷನ್ ಪಾಠದಲ್ಲಿ ನಿದ್ದೆ ಮಾಡಿದ್ದಕ್ಕೆ ಆಗ ಪಶ್ಚಾತ್ತಾಪಪಟ್ಟೆ.

ಮಾವನಿಗೂ ಅಲ್ಲಿ ಇದೇ ಪಾಡು. ಹೀಗೆ ಭೂಮಿಯ ಎರಡು ಬದಿಯಲ್ಲಿ ನಾವಿಬ್ಬರೂ ಒಂದನೇ ಕ್ಲಾಸಿಗೆ ಸೇರಿದೆವು. ಪ್ರತಿ ಭಾನುವಾರ ಬೊಬ್ಬೆ ತೋರಿಸಿಕೊಳ್ಳುತ್ತಿದ್ದೆವು. ಒಂದು ವ್ಯತ್ಯಾಸವಿತ್ತು. ನಾನು ದಿನಕ್ಕೆ ನೂರು ಬಾಣ ಬಿಟ್ಟು, ಕೊನೆಯ ಮೂವತ್ತರ ಸರಾಸರಿ ಹೇಳುತ್ತಿದ್ದೆ. ಮಾವ ಹೇಳುತ್ತಿದ್ದದ್ದು ಮೊದಲನೇ ಬಾಣವೊಂದನ್ನೇ. ಆಫೀಸಿಂದ ಬಂದು, ಮೈ ಬಿಸಿ ಮಾಡಿಕೊಳ್ಳದೆ, ಹಿತ್ತಲಿನಲ್ಲಿ ಹದಿನೈದು ಮೀಟರ್‌ಗೆ ಪೇಪರ್ ತಟ್ಟೆ ಚುಚ್ಚಿ ಒಂದೇ ಬಾಣ. ತಗುಲಿದರೆ ಕ್ಯಾಲೆಂಡರ್‌ನಲ್ಲಿ ಸರಿ ಗುರುತು, ಇಲ್ಲದಿದ್ದರೆ ತಪ್ಪು. ಅದಾದ ಮೇಲೆ ಎಷ್ಟು ಹೊಡೆದರೂ ಲೆಕ್ಕಕ್ಕಿಲ್ಲ. "ಜಿಂಕೆ ಎರಡನೇ ಚಾನ್ಸ್ ಕೊಡಲ್ವಲ್ಲ" ಎನ್ನುತ್ತಿದ್ದರು. ಮಾರ್ಚ್‌ನಲ್ಲಿ ಆ ಕ್ಯಾಲೆಂಡರ್ ತುಂಬ ತಪ್ಪುಗಳೇ. ಸೆಪ್ಟೆಂಬರ್‌ನಲ್ಲಿ ಮೂವತ್ತಕ್ಕೆ ಇಪ್ಪತ್ತೇಳು ಸರಿ. ಇಪ್ಪತ್ತೈದಕ್ಕಿಂತ ಕಡಿಮೆಯಾಗಿದ್ದರೆ ಆ ವರ್ಷ ಕಾಡಿಗೇ ಹೋಗುವುದಿಲ್ಲ ಎಂದು ಅತ್ತೆಯ ಮುಂದೆ ಮಾತು ಕೊಟ್ಟಿದ್ದರಂತೆ.

ನಾನೂ ಕದ್ದು ಹಾಗೇ ಬರೆದಿಡತೊಡಗಿದೆ. ದಿನದ ಮೊದಲ ಬಾಣದ ಅಂಕ ಮಾತ್ರ. ಸರಾಸರಿಯಲ್ಲಿ ನಾನು ಎಷ್ಟು ಸುಳ್ಳು ಹೇಳಿಕೊಳ್ಳುತ್ತಿದ್ದೆ ಎಂದು ಒಂದೇ ತಿಂಗಳಲ್ಲಿ ಗೊತ್ತಾಯಿತು.

ಸೀಸನ್ ಶುರುವಾಯಿತು. ಮಾವ ಮರದ ಮೇಲಿನ ಅಟ್ಟಣಿಗೆಯಲ್ಲಿ ಕೂರುವ ಜಾಗದ ಸುತ್ತ ಹದಿನೈದು ಮೀಟರ್‌ಗೆ ಕಲ್ಲಿಟ್ಟರು. ಕಲ್ಲಿನಾಚೆ ನಿಂತ ಜಿಂಕೆ ಅವರ ಪಾಲಿಗೆ ಇಲ್ಲವೇ ಇಲ್ಲ. ನಾಲ್ಕು ಶನಿವಾರ ಬರಿಗೈಯಲ್ಲೇ ಬಂದರು. ಇಪ್ಪತ್ತೈದು, ಮೂವತ್ತು ಮೀಟರ್‌ನಲ್ಲಿ ಎಷ್ಟೋ ಬಂದು ಹೋದವಂತೆ. ಒಂದು ದಿನ ಅಟ್ಟಣಿಗೆಯಲ್ಲಿ ಬಿಲ್ಲಿನ ತುದಿ ಕೊಂಬೆಗೆ ತಾಗಿ ಟಕ್ ಎಂದು, ಕಾಡೆಲ್ಲ ಖಾಲಿ.

ನವೆಂಬರ್‌ನ ಕಾಲ್ ಬಂದಾಗ ಅಮ್ಮ, ನಾನು ಇಬ್ಬರೂ ಫೋನಿನ ಮುಂದಿದ್ದೆವು. ಆ ಸಂಜೆ ಒಂದು ಹೆಣ್ಣು ಜಿಂಕೆ ಕಲ್ಲು ದಾಟಿ ಒಳಗೆ ಬಂದಿತ್ತು. ಹದಿಮೂರು ಮೀಟರ್ ಇರಬಹುದು. ಉಸಿರಿನ ಹಬೆ ಕಾಣುತ್ತಿತ್ತು, ಎಲೆ ಅಗಿಯುವ ಸದ್ದು ಕೇಳುತ್ತಿತ್ತು ಎಂದರು ಮಾವ. ಅದು ಮರದ ಹಿಂದೆ ತಲೆ ಮರೆಸಿದಾಗ ಬಿಲ್ಲು ಎಳೆದರು. ಈಚೆ ಬಂದ ಜಿಂಕೆ ಪಕ್ಕೆ ತೋರಿಸದೆ ನೇರ ಇವರ ಕಡೆಗೇ ಎದೆ ಕೊಟ್ಟು ನಿಂತಿತು. ಹಾಗೆ ನಿಂತಾಗ ಬಾಣ ಬಿಡಬಾರದು, ಗಾಯವಾಗಿ ಓಡುವ ಸಾಧ್ಯತೆಯೇ ಹೆಚ್ಚು. ಕಾಂಪೌಂಡ್ ಆಗಿದ್ದರೆ ತಿರುಗುವ ತನಕ ಹಿಡಿದು ಕಾಯಬಹುದಿತ್ತು. ಇದರಲ್ಲಿ ಒಂದು, ಎರಡು, ಮೂರು... ತೋಳು ನಡುಗಿತು.

"ಬಿಟ್ಯಾ?" ಅಮ್ಮ ಕೇಳಿದರು.

"ಇಲ್ಲ ಅಕ್ಕ. ಹೆದೆ ಮೆಲ್ಲಗೆ ವಾಪಸ್ ತಂದೆ. ಅದು ನೋಡ್ತು, ಹೋಯ್ತು."

ಆ ವರ್ಷ ಅವರ ಫ್ರೀಜರ್‌ಗೆ ಅಂಗಡಿಯ ಕೋಳಿಯೇ ಗತಿಯಾಯಿತು. ಅಮ್ಮನಿಗೆ ಒಳಗೊಳಗೇ ಖುಷಿ.

ನಮ್ಮ ಕ್ಲಬ್‌ಗೆ ಹೋದ ತಿಂಗಳು ಹೊಸ ಹೆದೆ, ಕೇಬಲ್ ಬಂದವು. ಕಾಂಪೌಂಡ್ ಎತ್ತಿ ಹೊಡೆದು ನೋಡಿದೆ. ಒಂದೇ ವಾರಕ್ಕೆ ಹಳೆಯ ಅಂಕ ಬಂತು. ಕಾಗದದ ಬೋರ್ಡಿಗೆ ನೋವಾಗುವುದಿಲ್ಲ, ಅದಕ್ಕೆ ಕಾಂಪೌಂಡ್‌ಗಿಂತ ಒಳ್ಳೆಯ ಬಿಲ್ಲಿಲ್ಲ ಎಂದು ಈಗಲೂ ಹೇಳುತ್ತೇನೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ. ಆದರೂ ಸೆಲೆಕ್ಷನ್ ಫಾರ್ಮ್‌ನಲ್ಲಿ ಇಂಡಿಯನ್ ರೌಂಡ್ ಎಂದೇ ಬರೆದುಕೊಟ್ಟೆ. ಕಾಂಪೌಂಡನ್ನು ಪಿಯುಸಿಯ ಹುಡುಗಿಯೊಬ್ಬಳು ಹೊಡೆಯುತ್ತಿದ್ದಾಳೆ. ನನ್ನ ಮೊದಲ ಬಾಣದ ಪುಸ್ತಕದಲ್ಲಿ ಕಳೆದ ವಾರ ಏಳು ದಿನಕ್ಕೆ ಐದು ಸಲ ಹಳದಿ ಬಣ್ಣ.

ಮಾವನಿಗೆ ಹೇಳಿದೆ. ಅವರು ಈ ಸಲದ ಸೀಸನ್‌ಗೆ ಈಗಲೇ ಹೋಗಿ ಕಲ್ಲುಗಳನ್ನು ಹದಿನೈದರಿಂದ ಹನ್ನೆರಡು ಮೀಟರ್‌ಗೆ ಸರಿಸಿ ಬಂದಿದ್ದಾರಂತೆ.