ಒಂದೇ ತಲೆಯ ಗಂಡಭೇರುಂಡ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ವಿದ್ಯುತ್ ಮಗ್ಗದ ನೆತ್ತಿಯ ಮೇಲೆ, ಒಂದಕ್ಕೊಂದು ಹೊಲಿದ ರಟ್ಟಿನ ಪಟ್ಟಿಗಳು ಮಾಲೆಯಾಗಿ ಉರುಳುತ್ತಿರುವುದನ್ನು ಕಂಡವರಿಗೆ, ಸೀರೆಯ ಅಂಚು, ಸೆರಗು, ಬುಟ್ಟಾ ಇವೆಲ್ಲವೂ ಆ ಪಟ್ಟಿಗಳಲ್ಲಿ ಕೊರೆದ ರಂಧ್ರಗಳಲ್ಲಿಯೇ ಅಡಗಿವೆ ಎಂದು ತೋರುವುದು ಸಹಜ. ಅದು ಅರ್ಧಸತ್ಯ. ಉಳಿದರ್ಧವು ಗೋಚರವಾಗುವುದು, ಹಳೆಯ ವಿನ್ಯಾಸವನ್ನು ಗಣಕಚಾಲಿತವಾದ ಹೊಸ ಜಕಾರ್ಡಿಗೆ ಏರಿಸಲು ಹೊರಟಾಗ.

1804ರ ಸುಮಾರಿನಲ್ಲಿ ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮೇರಿ ಜಕಾರ್ಡ್ ರೂಪಿಸಿದ ಈ ಯಂತ್ರದ ವ್ಯಾಪಾರ ಸರಳವಾದುದು. ಲಾಳಿಯ ಪ್ರತಿಯೊಂದು ಓಟಕ್ಕೂ ಒಂದೊಂದು ಪಟ್ಟಿ ಸರದಿಯಂತೆ ಬಂದು ಸಾಲುಸೂಜಿಗಳ ತುದಿಗೆ ಒತ್ತುತ್ತದೆ. ರಂಧ್ರವಿದ್ದೆಡೆ ಸೂಜಿ ಒಳನುಗ್ಗಿ, ಅದಕ್ಕೆ ಸೇರಿದ ಕೊಕ್ಕೆ ನೆಟ್ಟಗೆ ನಿಂತು, ಮೇಲೇಳುವ ಅಲಗಿಗೆ ಸಿಕ್ಕಿ ಹಾಸಿನ ಎಳೆಯನ್ನು ಎತ್ತುತ್ತದೆ. ರಂಧ್ರವಿಲ್ಲದೆಡೆ ಸೂಜಿ ಹಿಂದೆ ಸರಿದು ಕೊಕ್ಕೆ ಓರೆಯಾಗಿ, ಎಳೆ ಕೆಳಗೇ ಉಳಿಯುತ್ತದೆ. ಉಂಟು ಅಥವಾ ಇಲ್ಲ, ಈ ಎರಡೇ ಆಜ್ಞೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣನಯಂತ್ರದ ಯೋಜನೆಗೆ ಇದೇ ಪಟ್ಟಿಗಳನ್ನು ಎರವಲು ಪಡೆದನು. ಸುಮಾರು 24,000 ಪಟ್ಟಿಗಳ ನಿರ್ದೇಶದಂತೆ ರೇಷ್ಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರವೊಂದು ಅವನ ಬಳಿ ಇತ್ತು. ತಂತ್ರಾಂಶದ ವಂಶವೃಕ್ಷದ ಬೇರು ಮಗ್ಗದಲ್ಲಿದೆ ಎಂಬುದು ನೇಕಾರರ ಊರಿನ ಮಕ್ಕಳಿಗೆ ಶಾಲೆಯಲ್ಲಿಯೇ ತಿಳಿಯಬೇಕಾದ ಸಂಗತಿ.

240 ಕೊಕ್ಕೆಗಳ ಹಳೆಯ ಜಕಾರ್ಡಿನಲ್ಲಿ 400 ಪಟ್ಟಿಗಳ ಒಂದು ಗಂಡಭೇರುಂಡದ ಬುಟ್ಟಾ ಇದೆಯೆಂದು ಇಟ್ಟುಕೊಳ್ಳೋಣ. ಅಟ್ಟದ ಮೂಲೆಯನ್ನೇ ಹಿಡಿಯುವ ಆ ಹೊರೆಯಲ್ಲಿರುವುದು 96,000 ಉಂಟು-ಇಲ್ಲಗಳು, ಎಂದರೆ ಗಣಕದ ಲೆಕ್ಕದಲ್ಲಿ 12,000 ಬೈಟುಗಳು ಮಾತ್ರ. ರಂಧ್ರವೊಂದಕ್ಕೆ ಒಂದು ಕಪ್ಪು ಚುಕ್ಕೆಯಂತೆ ಇದನ್ನು ಚಿತ್ರದ ಫೈಲನ್ನಾಗಿ ಮಾಡಿ, ಅಡ್ಡಸಾಲಿಗೊಂದು ಹೊಕ್ಕು, ಕಂಬಸಾಲಿಗೊಂದು ಕೊಕ್ಕೆ ಎಂದು ಹೊಂದಿಸಿದರೆ, ವಿದ್ಯುತ್ಕಾಂತಗಳಿಂದ ಕೊಕ್ಕೆಯನ್ನು ಆರಿಸುವ ಹೊಸ ಯಂತ್ರ ಅದನ್ನು ನಿರಾಯಾಸವಾಗಿ ಓದುತ್ತದೆ. ಓದಿ, ಒಂದೇ ತಲೆಯ ಹಕ್ಕಿಯನ್ನು ನೇಯುತ್ತದೆ!

ಕಾರಣವಿಷ್ಟೆ. ಎಡಬಲಗಳು ಸಮವಾಗಿರುವ ವಿನ್ಯಾಸಕ್ಕೆ ಅರ್ಧವನ್ನಷ್ಟೇ ರಟ್ಟಿನಲ್ಲಿ ಕೊರೆದು, ಒಂದೊಂದು ಕೊಕ್ಕೆಯ ದಾರವನ್ನೂ ನಡುವಿನಿಂದ ಇತ್ತಕಡೆ ಒಂದು ಎಳೆಗೆ, ಅತ್ತಕಡೆ ಅಷ್ಟೇ ದೂರದ ಇನ್ನೊಂದು ಎಳೆಗೆ ಕಟ್ಟಿಬಿಡುವ ರೂಢಿಯುಂಟು. ಎರಡನೆಯ ತಲೆ ಪಟ್ಟಿಯಲ್ಲಿ ಎಂದೂ ಇರಲಿಲ್ಲ. ಅದು ದಾರದ ಕಟ್ಟಿನಲ್ಲಿತ್ತು. ಹೊಸ ಯಂತ್ರದ ದಾರಗಳು ನೇರವಾಗಿ ಕಟ್ಟಿದವಾದರೆ, ಫೈಲಿನಲ್ಲಿ ಕನ್ನಡಿಬಿಂಬದಂತೆ ಇನ್ನರ್ಧವನ್ನು ನಾವೇ ಬರೆಯಬೇಕು. ಅಲ್ಲಿಯೂ ಎಚ್ಚರ ಬೇಕು: 240ರ ಎರಡರಷ್ಟು 480 ಎಂದು ಕುರುಡಾಗಿ ಮಡಿಸಿದರೆ ನಡುವಿನ ಎಳೆ ಎರಡು ಬಾರಿ ಬಂದು ಹಕ್ಕಿಯ ಎದೆಯ ಮೇಲೆ ದಪ್ಪನೆಯ ಗೆರೆಯೊಂದು ಮೂಡುತ್ತದೆ, ನಡುವಿನ ಎಳೆ ಒಂದೇ ಇದ್ದ ಹಳೆಯ ಕಟ್ಟಿಗೆ ಬೇಕಾದುದು 479 ಕಂಬಸಾಲುಗಳು.

ಹಳೆಯ ತಂತ್ರಾಂಶ ಹೊಸ ಗಣಕದಲ್ಲಿ ನಡೆಯದಿರುವುದಕ್ಕೆ ಇದಕ್ಕಿಂತ ಗೂಢವಾದ ಕಾರಣವಿಲ್ಲ. 16 ಬಿಟ್ಟಿನ ಕಾಲದಲ್ಲಿ ಬರೆದ ವಿನ್ಯಾಸದ ಪ್ರೋಗ್ರಾಮು, ತನ್ನಲ್ಲಿಲ್ಲದ ಎಷ್ಟೋ ಸಂಗತಿಗಳು ಯಂತ್ರದಲ್ಲಿ ಇದ್ದೇ ಇರುತ್ತವೆ ಎಂದು ನಂಬಿಕೊಂಡಿರುತ್ತದೆ: ಸ್ಮೃತಿಯ ಇಂಥ ವಿಳಾಸದಲ್ಲಿ ಪರದೆ, ಪ್ರಿಂಟರಿನ ಇಂಥ ಕಿಂಡಿಯಲ್ಲಿ ಪರವಾನಗಿಯ ಕೀಲಿ. 64 ಬಿಟ್ಟಿನ ವಿಂಡೋಸ್ ಆ ಹಳೆಯ ಕಟ್ಟನ್ನು ಬಿಚ್ಚಿಹಾಕಿದೆ. 2002ರಲ್ಲಿ ಹೊರಬಂದ ಡಾಸ್‌ಬಾಕ್ಸ್‌ನಂತಹ ಅನುಕರಣ ತಂತ್ರಾಂಶಗಳು ಹಳೆಯ ಪ್ರೋಗ್ರಾಮಿನ ಒಂದು ಅಕ್ಷರವನ್ನೂ ತಿದ್ದದೆ, ಅದು ನಂಬಿದ್ದ ಸಂಸ್ಕಾರಕವನ್ನೂ ಪರದೆಯನ್ನೂ ಧ್ವನಿಫಲಕವನ್ನೂ ಹೊಸ ಯಂತ್ರದೊಳಗೆ ಲೆಕ್ಕದಿಂದಲೇ ಕಟ್ಟಿಕೊಡುತ್ತವೆ. ಮಗ್ಗದಲ್ಲಿ ನಾವು ವಿನ್ಯಾಸವನ್ನು ತಿದ್ದಿದೆವು. ಇಲ್ಲಿ ಯಂತ್ರವನ್ನೇ ಮರಳಿ ಕಲ್ಪಿಸಲಾಗುತ್ತದೆ. ಎರಡಕ್ಕೂ ಹಳೆಯ ಯಂತ್ರ ಹೇಗಿತ್ತೆಂಬ ನಿಖರವಾದ ವಿವರಣೆ ಅತ್ಯವಶ್ಯ. ಗಣಕಗಳ ವಿಷಯದಲ್ಲಿ ಅಂತಹ ವಿವರಣೆ ಅಚ್ಚಾದ ಕೈಪಿಡಿಗಳಲ್ಲಿ ಎಷ್ಟೋ ಉಳಿದಿದೆ. ಮಗ್ಗದ ದಾರಗಳ ವಿಷಯದಲ್ಲಿ ಅದು ಬಹುಮಟ್ಟಿಗೆ ಕಟ್ಟಿದವರ ನೆನಪಿನಲ್ಲಿದೆ.

ಆದುದರಿಂದ ಹಳೆಯ ಜಕಾರ್ಡನ್ನು ಕಳಚಿ ತೂಕಕ್ಕೆ ಹಾಕುವ ಮುನ್ನ, ಪಟ್ಟಿಗಳ ಚಿತ್ರ ತೆಗೆದುಕೊಂಡರೆ ಸಾಲದು. ಯಾವ ಕೊಕ್ಕೆಯ ದಾರ ಯಾವ ಯಾವ ಎಳೆಗೆ ಇಳಿದಿದೆ ಎಂಬುದನ್ನು, ಕಟ್ಟಿದ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಗದದ ಮೇಲೆ ಬರೆದಿಡಬೇಕು. ಅದೇ ಮಗ್ಗದಲ್ಲಿ ನೇಯ್ದ ಗೇಣುದ್ದದ ಬಟ್ಟೆಯೂ ಜೊತೆಗಿದ್ದರೆ, ಹೊಸ ಯಂತ್ರದ ಮೊದಲ ಗೇಣನ್ನು ಅದರ ಪಕ್ಕದಲ್ಲಿ ಹರಡಿ, ಭೂತಗನ್ನಡಿ ಹಿಡಿದು ಎಳೆಯೆಳೆಯಾಗಿ ತಾಳೆ ನೋಡಬಹುದು.